ಆಂಡ್ರ್ಯೂ ಬೆಲ್ ಅವರ ‘ಮದ್ರಾಸ್ ಪದ್ಧತಿ’: ಕೂಲಿಮಠದ್ದೆಷ್ಟು, ಅವರದ್ದೆಷ್ಟು?

ಪ್ರಶ್ನೆ:
ಶಿಕ್ಷಣದ ಇತಿಹಾಸಕ್ಕೆ ಟಿಪ್ಪಣಿ ಮಾಡುತ್ತಿದ್ದೇನೆ. ಆಂಗ್ಲಿಕನ್ ಪಾದ್ರಿ ಆಂಡ್ರ್ಯೂ ಬೆಲ್ (1753–1832) ಮದ್ರಾಸಿನಿಂದ ಒಂದು ಕಲಿಕೆಯ ಕ್ರಮವನ್ನು ಇಂಗ್ಲೆಂಡಿಗೆ ಒಯ್ದು ಊರೂರಲ್ಲಿ ಶಾಲೆ ತೆರೆಸಿದರಂತೆ. ತರಗತಿ ಹೇಗೆ ನಡೆಯುತ್ತಿತ್ತು? ಇಡೀ ಪದ್ಧತಿ ನಮ್ಮ ಕೂಲಿಮಠದ (ಹಳೆಯ ಕಾಲದ ಊರ ಶಾಲೆಯ) ನಕಲು ಎಂದು ಬರೆಯಬಹುದೇ?

ಉತ್ತರ 1:
‘ಇಡೀ’ ಎಂಬ ಮಾತು ಬಿಡಿ. ಬೆಲ್ ಸ್ಕಾಟ್ಲೆಂಡಿನ ಸೇಂಟ್ ಆಂಡ್ರ್ಯೂಸ್‌ನವರು. 1787ರಲ್ಲಿ ಮದ್ರಾಸಿಗೆ ಬಂದು, 1789ರಲ್ಲಿ ಎಗ್ಮೋರಿನ ಗಂಡುಮಕ್ಕಳ ಅನಾಥಾಲಯದ ಹೊಣೆ ಹೊತ್ತರು. ಮಲಬಾರ್ ಶಾಲೆಯೊಂದರಲ್ಲಿ ಮಕ್ಕಳು ಮರಳಿನಲ್ಲಿ ಬೆರಳಾಡಿಸಿ ಬರೆಯುವುದನ್ನು ನೋಡಿ ಅದನ್ನು ತಂದೆನೆಂದು ಅವರೇ ಹೇಳಿದ್ದಾರೆ. (ಆಗಿನ ಇಂಗ್ಲಿಷರ ಬಾಯಲ್ಲಿ ‘ಮಲಬಾರ್’ ಎಂದರೆ ತಮಿಳು. ಕೇರಳ ಎಂದು ಬರೆದುಬಿಡಬೇಡಿ.) ಸಂಬಳದ ಉಪಾಧ್ಯಾಯರು ಇದಕ್ಕೆ ಒಗ್ಗದಿದ್ದಾಗ ಎಂಟು ವರ್ಷದ ಜಾನ್ ಫ್ರಿಸ್ಕನ್ ಎಂಬ ಹುಡುಗನಿಗೆ ಅಕ್ಷರದ ತರಗತಿ ಒಪ್ಪಿಸಿದರು.

ತರಗತಿಯಲ್ಲಿ ಮಕ್ಕಳು ಜೋಡಿ ಜೋಡಿ: ಒಬ್ಬ ಕಲಿಸುವವನು, ಒಬ್ಬ ಕಲಿಯುವವನು. ಜೋಡಿಗಳ ಮೇಲೆ ಸಹಾಯಕ ಹುಡುಗ, ಅವನ ಮೇಲೆ ಬಾಲಗುರು, ಎಲ್ಲರ ಮೇಲೆ ಮೇಷ್ಟ್ರು. ಪಾಠ ಚಿಕ್ಕದು, ಅದು ಪೂರ್ತಿ ಬಂದ ಹೊರತು ಮುಂದಿನದಿಲ್ಲ. ಚುರುಕಾದವನು ಮೇಲಕ್ಕೆ, ಹಿಂದುಳಿದವನು ಕೆಳಕ್ಕೆ. ದಿನದಿನದ ಪಾಠಕ್ಕೆ ದಾಖಲೆ, ತಪ್ಪಿಗೆ ‘ಕಪ್ಪು ಪುಸ್ತಕ’. ಅದರ ವಿಚಾರಣೆಗೆ ಹುಡುಗರದ್ದೇ ಪಂಚಾಯ್ತಿ. ಈ ಏಣಿ ಮತ್ತು ಲೆಕ್ಕವಿಡುವ ಶಿಸ್ತು ಬೆಲ್ ಅವರ ಸ್ವಂತದ್ದು ಎನ್ನುವುದು ನ್ಯಾಯ.

ಉತ್ತರ 2:
ಮರಳಿನ ಸಾಲವನ್ನು ಬೆಲ್ ಒಪ್ಪಿದರು, ಮಕ್ಕಳೇ ಮಕ್ಕಳಿಗೆ ಕಲಿಸುವುದು ಮಾತ್ರ ತಮ್ಮ ಶೋಧ ಎಂದರು. ಅಲ್ಲೇ ತಕರಾರು. 1623ರಲ್ಲಿ ಇಕ್ಕೇರಿಯ ದಾರಿಯಲ್ಲಿ ಇಟಲಿಯ ಪಿಯೆತ್ರೊ ದೆಲ್ಲಾ ವಾಲ್ಲೆ ಗುಡಿಯ ಜಗಲಿಯಲ್ಲಿ ನಾಲ್ವರು ಹುಡುಗರನ್ನು ಕಂಡ. ಒಬ್ಬ ರಾಗವಾಗಿ ಹೇಳುತ್ತ ನೆಲದ ಮರಳಲ್ಲಿ ಬರೆಯುತ್ತಾನೆ, ಉಳಿದವರೂ ಹಾಗೇ. ಗುರುವಿಲ್ಲದಾಗ ತಪ್ಪು ತಿದ್ದುವವರು ಯಾರು ಎಂದು ಕೇಳಿದರೆ, ಒಂದೇ ತೊಡಕು ನಾಲ್ವರನ್ನೂ ಒಟ್ಟಿಗೆ ಕಾಡಲಾರದು ಎಂದರಂತೆ. ಬೆಲ್ ಹುಟ್ಟುವುದಕ್ಕೆ 130 ವರ್ಷ ಮೊದಲಿನ ಮಾತಿದು!

ಬಳ್ಳಾರಿ ಕಲೆಕ್ಟರ್ ಎ. ಡಿ. ಕ್ಯಾಂಪ್‌ಬೆಲ್ 1823ರ ವರದಿಯಲ್ಲಿ ಜಿಲ್ಲೆಯ 533 ಶಾಲೆಗಳ ಲೆಕ್ಕ ಕೊಟ್ಟಿದ್ದಾರೆ; ಕನ್ನಡದವು 235, ತೆಲುಗಿನವು 226. ಶಾಲೆಗೆ ಎಲ್ಲರಿಗಿಂತ ಮೊದಲು ಬಂದ ಮಗುವಿನ ಅಂಗೈಯಲ್ಲಿ ‘ಸರಸ್ವತಿ’, ಎರಡನೆಯದಕ್ಕೆ ಸೊನ್ನೆ, ಮೂರನೆಯದಕ್ಕೆ ಒಂದು ಮೆಲ್ಲನೆಯ ಏಟು, ನಾಲ್ಕನೆಯದಕ್ಕೆ ಎರಡು, ಹೀಗೆ ಏರುತ್ತಿತ್ತು. ಮಕ್ಕಳು ನಾಲ್ಕು ಗುಂಪು. ಕೆಳಗಿನ ಗುಂಪುಗಳನ್ನು ಹಿರಿಯ ಹುಡುಗರು ನೋಡಿಕೊಳ್ಳುತ್ತಿದ್ದರು. ಮರಳಿನಲ್ಲಿ ಕೈ ಕುದುರಿದ ಮೇಲೆ ಓಲೆ, ಕಾಗದ, ಇಲ್ಲವೇ ಹಲಗೆ, ಕಡತ. ಹಲಗೆ ಒಂದಡಿ ಅಗಲ, ಮೂರಡಿ ಉದ್ದ, ಮೇಲೆ ಅನ್ನ ಮತ್ತು ಇದ್ದಿಲ ಪುಡಿ ಸವರಿದ್ದು. ಕಡತವೆಂದರೆ ಗಂಜಿ ಹಾಕಿ ಗಟ್ಟಿಮಾಡಿದ ಬಟ್ಟೆಯನ್ನು ಪುಸ್ತಕದಂತೆ ಮಡಚಿ ಇದ್ದಿಲು, ಅಂಟು ಬಳಿದದ್ದು. ಬಳಪದಲ್ಲಿ ಬರೆದು ಒದ್ದೆ ಬಟ್ಟೆಯಲ್ಲಿ ಒರೆಸುತ್ತಿದ್ದರು. ಮುಂದಿರುವವರು ಹಿಂದಿರುವವರಿಗೆ ಕಲಿಸುವ ಈ ಕ್ರಮ ಮೆಚ್ಚುವಂಥದ್ದು, ಇಂಗ್ಲೆಂಡ್ ಅನುಕರಿಸಿದ್ದು ಸರಿಯೇ ಎಂದು ಕ್ಯಾಂಪ್‌ಬೆಲ್ ಬರೆದರು. ನಿಮ್ಮ ಟಿಪ್ಪಣಿಗೆ ಇದಕ್ಕಿಂತ ಗಟ್ಟಿ ಆಧಾರ ಬೇಡ.

ಉತ್ತರ 3:
ಮುಂದಿನ ಕಥೆ ಚುಟುಕಾಗಿ. 1796ರಲ್ಲಿ ಬೆಲ್ ಮದ್ರಾಸ್ ಬಿಟ್ಟರು, 1797ರಲ್ಲಿ ಆ ಅನಾಥಾಲಯದ ಪ್ರಯೋಗದ ಬಗ್ಗೆ ಅವರ ವರದಿ ಅಚ್ಚಾಯಿತು. ಆಂಗ್ಲಿಕನ್ ಚರ್ಚಿಗೆ ಸೇರದ ಕ್ವೇಕರ್ ಎಂಬ ಕ್ರೈಸ್ತ ಪಂಥದ ಜೋಸೆಫ್ ಲ್ಯಾಂಕಾಸ್ಟರ್ ಲಂಡನ್ನಿನಲ್ಲಿ ಇಂಥದ್ದೇ ಶಾಲೆ ನಡೆಸುತ್ತಿದ್ದರು. ಯಾರು ಮೊದಲು ಎಂಬ ಜಗಳ ಪಂಥಗಳ ಜಗಳವಾಗಿ, 1811ರಲ್ಲಿ ಆಂಗ್ಲಿಕನ್ ಚರ್ಚ್‌ನವರು ನ್ಯಾಷನಲ್ ಸೊಸೈಟಿ ಕಟ್ಟಿ ಬೆಲ್ ಪದ್ಧತಿಯ ಶಾಲೆಗಳನ್ನು ಹಬ್ಬಿಸಿದರು.

ಕೆಟ್ಟದ್ದೆಲ್ಲಿ? ಹತ್ತು ವರ್ಷದ ಹುಡುಗ ಬೆಳಿಗ್ಗೆ ಕಲಿತದ್ದನ್ನಷ್ಟೇ ಮಧ್ಯಾಹ್ನ ಒಪ್ಪಿಸಬಲ್ಲ. ಕಾಗುಣಿತ, ಮಗ್ಗಿ, ಬಾಯಿಪಾಠಕ್ಕೆ ಅದು ಸಾಕು, ಅರ್ಥ ಬಿಡಿಸಲು ಸಾಲದು. ಪಳಗಿದ ಹುಡುಗ ದುಡಿಮೆಗೆ ಹೊರಟರೆ ಗುಂಪು ಅನಾಥ. ಅದಕ್ಕೇ 1846ರಲ್ಲಿ ಅಲ್ಲಿನ ಸರ್ಕಾರ 13 ದಾಟಿದವರನ್ನು ಉಪಾಧ್ಯಾಯರಾಗುವ ಐದು ವರ್ಷದ ತರಬೇತಿಗೆ ತೆಗೆದುಕೊಂಡು, ವರ್ಷಕ್ಕೆ 10 ಪೌಂಡಿನಿಂದ 20ರವರೆಗೆ ಏರುವ ಭತ್ಯೆ ಕೊಡತೊಡಗಿತು.

ಬೆಲ್ ಶಾಲೆಗಳಿಗೆಂದು ಬಿಟ್ಟ ಹಣ ಸುಮಾರು 1,20,000 ಪೌಂಡ್. ಅದರಲ್ಲಿ ಎದ್ದದ್ದು 1833ರಲ್ಲಿ ಬಾಗಿಲು ತೆರೆದ ಮದ್ರಾಸ್ ಕಾಲೇಜು. ಹೆಸರು ನೋಡಿ ಚೆನ್ನೈಯದೆಂದು ಬರೆಯಬೇಡಿ. ಅದು ಸೇಂಟ್ ಆಂಡ್ರ್ಯೂಸ್‌ನ ಪ್ರೌಢಶಾಲೆ, ಇಂದಿಗೂ ನಡೆಯುತ್ತಿದೆ.