‘ಟೀಚ್ ಬ್ಯಾಕ್’: ‘ಒಪ್ಪಿಸು’ ಅಲ್ಲದಿದ್ದರೆ ಮತ್ತೇನು?

ಬಲ್ಲವರೇ,

ಔಷಧ ಪ್ರಯೋಗಗಳಿಗೆ ಸೇರುವವರಿಂದ ಸಮ್ಮತಿ ಪಡೆಯುವ ಸಿಬ್ಬಂದಿಯ ತರಬೇತಿಗಾಗಿ ಕೈಪಿಡಿಯೊಂದನ್ನು ಬರೆಯುತ್ತಿದ್ದೇನೆ. ಅದರಲ್ಲಿ ಬರುವ ‘ಟೀಚ್ ಬ್ಯಾಕ್’ಗೆ ಕನ್ನಡದ ಹೆಸರು ಬೇಕು.

ಕ್ರಮ ಸರಳ. ವಿವರಿಸಿದ ಮೇಲೆ ‘ಅರ್ಥವಾಯಿತಾ?’ ಎಂದು ಕೇಳಬಾರದು; ಕೇಳಿದರೆ ಎಲ್ಲರೂ ‘ಹೂಂ’ ಅನ್ನುತ್ತಾರೆ. ಅದರ ಬದಲು, ‘ನಾನು ಬಿಡಿಸಿ ಹೇಳಿದೆನೋ ಇಲ್ಲವೋ ಗೊತ್ತಾಗಬೇಕು. ಮನೆಯವರು ಕೇಳಿದರೆ ಇದನ್ನು ಹೇಗೆ ಹೇಳುತ್ತೀರಿ?’ ಎನ್ನಬೇಕು. ಉತ್ತರ ತಪ್ಪಾದರೆ ವಿವರಿಸಿದವರೇ ಬೇರೆ ರೀತಿಯಲ್ಲಿ ಮತ್ತೆ ಹೇಳಬೇಕು.

ಮೊದಲು ಹೊಳೆದದ್ದು ‘ಒಪ್ಪಿಸು’. ಪಾಠ ಒಪ್ಪಿಸುತ್ತೇವೆ, ಮಗ್ಗಿ ಒಪ್ಪಿಸುತ್ತೇವೆ. ಆದರೆ ‘ಒಪ್ಪುವಂತೆ ಮಾಡು’ ಎಂಬ ಅರ್ಥವೂ ಅದಕ್ಕಿದೆಯಲ್ಲ! ‘ಅಂತೂ ಒಪ್ಪಿಸಿದೆ’ ಎಂದು ಸಿಬ್ಬಂದಿ ಹೆಮ್ಮೆಪಡುವುದು ಇಲ್ಲಿ ನಡೆಯಲೇಬಾರದ ಕೆಲಸ. ಮನುಷ್ಯರ ಮೇಲಿನ ಪ್ರಯೋಗಗಳಿಗೆ ನೀತಿ ಹಾಕಿಕೊಟ್ಟ 1947ರ ನ್ಯೂರೆಂಬರ್ಗ್ ಸಂಹಿತೆಯ ಮೊದಲ ಅಂಶವೇ ಒತ್ತಾಯವಿಲ್ಲದ, ಸ್ವಇಚ್ಛೆಯ ಸಮ್ಮತಿ. ಪೊಲೀಸರಿಗೆ ಒಪ್ಪಿಸುವ ಅರ್ಥವನ್ನಂತೂ ಬಿಟ್ಟೇಬಿಡೋಣ.

‘ತಿರುಗಿ ಹೇಳು’ ಎಂದರೆ ಎದುರುತ್ತರದ ವಾಸನೆ. ‘ಮರುಹೇಳಿಕೆ’ ಪರವಾಗಿಲ್ಲ, ಆದರೆ ಹೇಳಿದ್ದನ್ನೇ ಹೇಳಿದಂತೆ ಕೇಳಿಸುತ್ತದೆ. ನನ್ನ ತಕರಾರು ಇಲ್ಲೇ ಇರುವುದು. ‘ಗುಂಪುಗಳಿಗೆ ಯಾದೃಚ್ಛಿಕವಾಗಿ ಹಂಚುತ್ತಾರೆ’ ಎಂದು ಒಬ್ಬರು ಅಕ್ಷರ ಬಿಡದೆ ಹೇಳಿದರೂ ಅವರಿಗೆ ತಿಳಿದಿದೆಯೆಂದು ಹೇಳಲಾಗದು. ‘ನನಗೆ ಯಾವುದು ಒಗ್ಗುತ್ತೋ ಡಾಕ್ಟರು ನೋಡಿ ಅದನ್ನೇ ಕೊಡ್ತಾರೆ’ ಎಂದರೆ ಮಾತ್ರ ಎಲ್ಲಿ ಎಡವಿದೆವೆಂದು ಥಟ್ಟನೆ ಗೊತ್ತಾಗುತ್ತದೆ. ಆಗ ‘ಯಾರಿಗೆ ಹೊಸ ಮದ್ದು, ಯಾರಿಗೆ ಔಷಧವಿಲ್ಲದ ಮಾತ್ರೆ ಎಂಬುದು ಚೀಟಿ ಎತ್ತಿದ ಹಾಗೆ, ಡಾಕ್ಟರು ಆರಿಸುವುದಿಲ್ಲ, ನೀವೂ ಆರಿಸುವಂತಿಲ್ಲ’ ಎಂದು ಮತ್ತೆ ಹೇಳಬಹುದು. ಹೆಸರಿನಲ್ಲಿ ‘ಸ್ವಂತ ಮಾತು’ ಎಂಬ ಭಾವ ಬರಬೇಕೆಂದು ಹಟ ಹಿಡಿದಿರುವುದು ಅದಕ್ಕೇ. ಸದ್ಯಕ್ಕೆ ‘ತನ್ನ ಮಾತಲ್ಲಿ ಹೇಳಿಸುವುದು’ ಎಂದು ಬರೆದಿಟ್ಟಿದ್ದೇನೆ. ಉದ್ದವಾಯಿತು, ನಿಜ.

ಇದಕ್ಕೆ ಅಂಟಿಕೊಂಡೇ ಇನ್ನೊಂದು. ಮೇಲಿನಂತೆ ಪ್ರಯೋಗವನ್ನು ತನಗೆಂದೇ ರೂಪಿಸಿದ ಚಿಕಿತ್ಸೆಯೆಂದು ಭಾವಿಸುವುದಕ್ಕೆ ಮನೋವೈದ್ಯ ಪಾಲ್ ಆಪಲ್‌ಬಾಮ್ ಮತ್ತು ಸಂಗಡಿಗರು 1982ರಲ್ಲಿ ‘ಥೆರಪ್ಯೂಟಿಕ್ ಮಿಸ್‌ಕನ್ಸೆಪ್ಶನ್’ ಎಂಬ ಹೆಸರು ಕೊಟ್ಟರು. ‘ಚಿಕಿತ್ಸಾಭ್ರಮೆ’ ಎಂದರೆ ಚಿಕಿತ್ಸೆಯಿಂದ ಬಂದ ಭ್ರಮೆ ಎಂದಾಗಿಬಿಡುತ್ತದೆ. ‘ಚಿಕಿತ್ಸೆಯೆಂಬ ತಪ್ಪುಗ್ರಹಿಕೆ’ ನಡೆದೀತೇ?

ಎರಡಕ್ಕೂ ಸಲಹೆ ಕೊಡಿ. ಮೊದಲನೆಯದು ಕ್ರಿಯಾಪದವಾಗಿಯೂ ಓಡಾಡುವಂತಿರಲಿ. ಬಾಲಕ್ಕೆ ‘ಕರಣ’ ಕಟ್ಟಿದ ಪದ ಮಾತ್ರ ಬೇಡ.