ಟೊಲೆಡೊ: ಸ್ಮಾರಕಗಳು ಮತ್ತು ಐತಿಹ್ಯಗಳು

ಪ್ರಶ್ನೆ: ಸ್ಪೇನಿನ ಟೊಲೆಡೊ ನಗರದ ಸ್ಮಾರಕಗಳನ್ನು ಅವುಗಳ ಐತಿಹ್ಯಗಳೊಂದಿಗೆ ಅರಿಯುವ ಆಸೆಯಿದೆ. ಪ್ರಸಿದ್ಧವಾದ ಕೆಥೆಡ್ರಲ್ ಬಿಟ್ಟರೆ ಮೊದಲು ಯಾವುದನ್ನು ನೋಡಬೇಕು? ಐತಿಹ್ಯಗಳನ್ನು ಎಷ್ಟರಮಟ್ಟಿಗೆ ನಂಬಬಹುದು?

ಉತ್ತರ 1: ನನ್ನ ಮಟ್ಟಿಗೆ ಕ್ರಿಸ್ತೊ ದೆ ಲಾ ಲೂಸ್ ಮೊದಲನೆಯದು. ಕ್ರಿ.ಶ. 999ರ ಸುಮಾರಿಗೆ ಮಸೀದಿಯಾಗಿ ಕಟ್ಟಿದ ಈ ಪುಟ್ಟ ಕಟ್ಟಡದ ಒಳಗೆ ನಾಲ್ಕು ಕಂಬಗಳ ನಡುವೆ ಒಂಬತ್ತು ಕಮಾನು ಛಾವಣಿಗಳಿದ್ದು, ಒಂದರ ವಿನ್ಯಾಸ ಇನ್ನೊಂದರಲ್ಲಿಲ್ಲ. ಕತ್ತೆತ್ತಿ ಒಂದೊಂದನ್ನೇ ನಿಧಾನವಾಗಿ ನೋಡಬೇಕು. 1085ರಲ್ಲಿ ನಗರವನ್ನು ಪಡೆದ ಕ್ರೈಸ್ತ ದೊರೆ ಆರನೆಯ ಅಲ್ಫೋನ್ಸೊನ ಕುದುರೆ ಇಲ್ಲಿ ಮಂಡಿಯೂರಿತೆಂದೂ, ಗೋಡೆ ಒಡೆದಾಗ ಶತಮಾನಗಳಿಂದ ಆರದೆ ಉರಿಯುತ್ತಿದ್ದ ದೀಪ ಶಿಲುಬೆಯ ಮುಂದೆ ಕಂಡಿತೆಂದೂ ಐತಿಹ್ಯ ಹೇಳುತ್ತದೆ. ಆ ಜಾಗವನ್ನು ಬಿಳಿಗಲ್ಲೊಂದು ಗುರುತಿಸುತ್ತದೆ.

ಉತ್ತರ 2: ಕಟ್ಟಡವು ಚರ್ಚ್ ಆದದ್ದು 12ನೆಯ ಶತಮಾನದ ಕೊನೆಯ ಭಾಗದಲ್ಲಿ. ಆದ್ದರಿಂದ ಕುದುರೆಯ ಕಥೆಯನ್ನು ನಡೆದ ಘಟನೆಯೆಂದು ಅಲ್ಲ, ಆ ಪರಿವರ್ತನೆಗೆ ಪಾವಿತ್ರ್ಯ ತಂದುಕೊಡುವ ಪ್ರಯತ್ನವೆಂದು ಓದುವುದು ಸೂಕ್ತ.

ಉತ್ತರ 3: ಎಲ್ ಟ್ರಾನ್ಸಿಟೊ ಸಿನಗಾಗ್ (ಯಹೂದಿಗಳ ಪ್ರಾರ್ಥನಾ ಮಂದಿರ) ಅನ್ನು ದಯವಿಟ್ಟು ಬಿಡಬೇಡಿ. ದೊರೆ ಪೆಡ್ರೊನ ಖಜಾಂಚಿ ಸ್ಯಾಮ್ಯುಯೆಲ್ ಹಾ-ಲೆವಿ 14ನೆಯ ಶತಮಾನದಲ್ಲಿ ಕಟ್ಟಿಸಿದ ಇದರ ಗಾರೆಯ ಗೋಡೆಗಳಲ್ಲಿ ಹೀಬ್ರೂ ಮತ್ತು ಅರೇಬಿಕ್ ಬರಹಗಳು ಜೊತೆಯಾಗಿವೆ. ಅದೇ ದೊರೆಯ ಆಜ್ಞೆಯಿಂದ ಆತ ಸೆರೆಯಲ್ಲಿ ಚಿತ್ರಹಿಂಸೆಗೊಳಗಾಗಿ ಸತ್ತದ್ದು ಮಾತ್ರ ಐತಿಹ್ಯವಲ್ಲ, ಇತಿಹಾಸ.