ಕೆನ್ನೆಯಲ್ಲಿ ಚೀಲವಿರುವ ಆಫ್ರಿಕದ ಇಲಿಗೆ ‘ಸಂಚಿ’ ಪದ ಒಪ್ಪುತ್ತದೆಯೇ?

ಬಲ್ಲವರಿಗೆ ನಮಸ್ಕಾರ.

ಡೊಂಬಿವಲಿಯಲ್ಲಿ ಭಾನುವಾರ ನಾವು ನಡೆಸುವ ಕನ್ನಡ ತರಗತಿಗೆ ಆಫ್ರಿಕದ ಒಂದು ಕಾಡಿಲಿಯ (ಇಂಗ್ಲಿಷಿನಲ್ಲಿ ‘ಜೈಂಟ್ ಪೌಚ್ಡ್ ರ‍್ಯಾಟ್’, ಎಂದರೆ ಚೀಲವಿರುವ ದೊಡ್ಡ ಇಲಿ) ಪಾಠ ಬರೆಯುತ್ತಿದ್ದೇನೆ. ಟಾಂಜಾನಿಯಾದ ಮೊರೊಗೊರೊದಲ್ಲಿ ಅಪೊಪೊ ಸಂಸ್ಥೆಯವರು ಇದನ್ನು ಸಾಕಿ, ನೆಲಬಾಂಬಿನ ವಾಸನೆ ಹಿಡಿಯಲು ಕಲಿಸುತ್ತಾರೆ. ತೂಕ ಒಂದು, ಒಂದೂವರೆ ಕಿಲೋ ಅಷ್ಟೆ. ಮೇಲೆ ನಡೆದರೂ ಬಾಂಬು ಸಿಡಿಯುವುದಿಲ್ಲ. ಕಣ್ಣು ಮಂದ, ಮೂಗು ಬಲು ಚುರುಕು. ರಾತ್ರಿ ಓಡಾಡುವ ಪ್ರಾಣಿಯಾದ್ದರಿಂದ, ಬೆಳಗಿನ ಬಿಸಿಲಿನಲ್ಲಿ ಕೆಲಸಕ್ಕೆ ಇಳಿಸುವಾಗ ಅದರ ಕಿವಿಗೂ ಬಾಲಕ್ಕೂ ಕ್ರೀಮು ಹಚ್ಚುತ್ತಾರೆ. ಕಾಂಬೋಡಿಯಾದಲ್ಲಿ ದುಡಿದ ಮಗಾವಾ ಎಂಬ ಇಲಿಗೆ 2020ರಲ್ಲಿ ಬ್ರಿಟನ್ನಿನ ಪ್ರಾಣಿದಯಾ ಸಂಸ್ಥೆಯೊಂದು ಚಿನ್ನದ ಪದಕ ಕೊಟ್ಟಿತು.

ತೊಡಕಿರುವುದು ಹೆಸರಿನಲ್ಲಿ. ಚಿತ್ರ ತೋರಿಸಿದೊಡನೆ ಮಕ್ಕಳು ‘ಘೂಸ್!’ ಎಂದರು. ಮರಾಠಿಯ ಘೂಸ್ ಎಂದರೆ ನಮ್ಮ ಹೆಗ್ಗಣ, ಇಲ್ಲಿನ ಗಟಾರಗಳಲ್ಲಿ ದಿನವೂ ಕಾಣುವಂಥದು. ಆದರೆ ಆಫ್ರಿಕದ ಈ ಇಲಿ ಹೆಗ್ಗಣದ ಕುಟುಂಬಕ್ಕೆ ಸೇರಿದ್ದಲ್ಲ. ‘ಚೀಲಹೆಗ್ಗಣ’ ಎಂದರೆ ಗೊಂದಲ ಇನ್ನೂ ಹೆಚ್ಚುತ್ತದೆ. ಹೆಗ್ಗಣಕ್ಕೆ ತೆಲುಗಿನಲ್ಲಿರುವ ‘ಪಂದಿಕೊಕ್ಕು’ ಎಂಬ ಹೆಸರು ಇಂಗ್ಲಿಷಿಗೆ ಹೋಗಿ ‘ಬ್ಯಾಂಡಿಕೂಟ್’ ಆಯಿತು. ಅದೇ ಹೆಸರನ್ನು ಆಸ್ಟ್ರೇಲಿಯಾದ, ಹೊಟ್ಟೆಚೀಲದಲ್ಲಿ ಮರಿ ಸಾಕುವ ಬೇರೊಂದು ಪ್ರಾಣಿಗೂ ಇಟ್ಟರು. ಚೀಲಹೆಗ್ಗಣ ಎಂಬ ಹೆಸರು ಹೊಂದುವುದಾದರೆ ಅದಕ್ಕೇ ಹೊಂದಬೇಕು. ನಮ್ಮ ಇಲಿಯ ಚೀಲವಿರುವುದು ಬಾಯೊಳಗೆ, ಎರಡೂ ಕೆನ್ನೆಗಳಲ್ಲಿ. ಕಡಲೆಕಾಯಿಯನ್ನು ಒಂದೊಂದಾಗಿ ಅದರಲ್ಲಿ ತುರುಕಿಕೊಂಡು, ಮುಖ ಎರಡರಷ್ಟಾದ ಮೇಲೆ ಗೂಡಿಗೆ ಹೋಗಿ ಕಕ್ಕಿ ಕೂಡಿಡುತ್ತದೆ. ಸಾಕುವವರು ಚೂಪಾದ ತಿನಿಸು ಕೊಡಬಾರದು, ಚೀಲದ ಒಳಚರ್ಮ ಗಾಯವಾಗುತ್ತದೆ.

ಮೊದಲು ‘ಗಲ್ಲಚೀಲ’ ಎಂದು ಬರೆದಿದ್ದೆ. “ಗಲ್ಲ ಮುಟ್ಟಿ ತೋರಿಸಿ” ಎಂದಾಗ ವಿಜಯಪುರದ ಕಡೆಯ ಮನೆಗಳ ಮಕ್ಕಳು ಕೆನ್ನೆ ಮುಟ್ಟಿಕೊಂಡರು. ಮೈಸೂರಿನ ಕಡೆಯವರ ಬೆರಳು ತುಟಿಯ ಕೆಳಗೆ ಹೋಯಿತು. ಆ ಪದವನ್ನು ಅಲ್ಲಿಗೇ ಬಿಟ್ಟೆ. ‘ಕಪೋಲಕೋಶ’ ಮಕ್ಕಳ ಬಾಯಿಗೆ ಒಗ್ಗದು.

ಆಗ ನೆನಪಾದದ್ದು ಅಜ್ಜಿಯ ಎಲೆಅಡಿಕೆ ಸಂಚಿ. ಅಡಿಕೆಗೊಂದು, ಸುಣ್ಣದ ಡಬ್ಬಿಗೊಂದು ಅರೆ. ದಾರ ಎಳೆದರೆ ಬಾಯಿ ಮುಚ್ಚುತ್ತಿತ್ತು. ಚಿಕ್ಕದೇವರಾಜ ಒಡೆಯರ ಅರಮನೆಯ ಹೊನ್ನಮ್ಮನ ಹೆಸರಿಗೂ ಅಂಟಿಕೊಂಡ ಪದವದು. ಚೀಲದಲ್ಲಿ ಏನನ್ನಾದರೂ ಹೊರಬಹುದು. ಸಂಚಿ ಎಂದೊಡನೆ ಬಾಯಿಗೆ ಹಾಕಿಕೊಳ್ಳುವ ವಸ್ತುವೇ ಕಣ್ಣಿಗೆ ಬರುತ್ತದೆ. ಹಾಗಾಗಿ ಅಂಗಕ್ಕೆ ‘ಕೆನ್ನೆಸಂಚಿ’, ಪ್ರಾಣಿಗೆ ‘ಸಂಚಿ ಹೇರಿಲಿ’ ಎಂದು ಬರೆದಿದ್ದೇನೆ. ಹಿರಿದಾದ ಅಡವಿ ಹೇರಡವಿಯಾದಂತೆ ಹಿರಿದಾದ ಇಲಿ ಹೇರಿಲಿ, ‘ದೊಡ್ಡಿಲಿ’ಗಿಂತ ನನಗೆ ಇದೇ ಇಷ್ಟ.

ಕೇಳುವುದು ಎರಡು. ‘ಹೇರಿಲಿ’ ವ್ಯಾಕರಣಕ್ಕೆ ಒಪ್ಪುತ್ತದೆಯೇ? ಕೋತಿ ಕಡಲೆಯನ್ನು ಕೆನ್ನೆಯಲ್ಲಿ ಅಡಗಿಸಿಕೊಳ್ಳುತ್ತದಲ್ಲ, ಆ ಜಾಗಕ್ಕೆ ನಿಮ್ಮ ಊರಿನಲ್ಲಿ ಯಾವುದಾದರೂ ಹಳೆಯ ಹೆಸರಿದೆಯೇ? ಇದ್ದರೆ ನನ್ನ ಪದ ಅಳಿಸಿ ಅದನ್ನೇ ಪಾಠಕ್ಕೆ ಹಾಕುತ್ತೇನೆ.